ಸ್ತನ ಕ್ಯಾನ್ಸರ್ ಮತ್ತು ಆಘಾತೋತ್ತರ ಬೆಳವಣಿಗೆ: ಕಥನದ ನೆಲೆಯಿಂದ

ಕಷ್ಟವು ಮನುಷ್ಯನನ್ನು ಮಾಗಿಸುತ್ತದೆ ಎಂಬ ತಿಳಿವಳಿಕೆ ಜನಪದರಿಗೆ ಹೊಸದಲ್ಲ. ಇದನ್ನು ಮನೋವಿಜ್ಞಾನದ ಪರಿಕಲ್ಪನೆಯಾಗಿ ರೂಪಿಸಿದವರು ಅಮೆರಿಕದ ರಿಚರ್ಡ್ ಟೆಡೆಸ್ಕಿ ಮತ್ತು ಲಾರೆನ್ಸ್ ಕ್ಯಾಲ್ಹೂನ್. 1996ರಲ್ಲಿ ಅವರು ಪ್ರಕಟಿಸಿದ 21 ಹೇಳಿಕೆಗಳ ಮಾಪನವು 'ಆಘಾತೋತ್ತರ ಬೆಳವಣಿಗೆ'ಯನ್ನು ಐದು ನೆಲೆಗಳಲ್ಲಿ ಗುರುತಿಸುತ್ತದೆ: ಇತರರೊಂದಿಗಿನ ಸಂಬಂಧ, ಹೊಸ ಸಾಧ್ಯತೆಗಳು, ಸ್ವಂತ ಶಕ್ತಿಯ ಅರಿವು, ಆಧ್ಯಾತ್ಮಿಕ ಬದಲಾವಣೆ ಹಾಗೂ ಬದುಕಿನ ಬೆಲೆಯ ಅರಿವು.

ಈ ವಿದ್ವಾಂಸರ ಪ್ರಕಾರ ಬೆಳವಣಿಗೆಯ ಮೂಲ ಆಘಾತವಲ್ಲ. ಅದರೊಡನೆ ನಡೆಸುವ ಸೆಣಸಾಟ. ಭೂಕಂಪವು ಕಟ್ಟಡವನ್ನು ಅಲುಗಿಸುವಂತೆ ಆಘಾತವು ಬದುಕಿನ ಬಗೆಗಿನ ನಂಬಿಕೆಗಳನ್ನು ಅಲುಗಿಸುತ್ತದೆ. ಮೊದಮೊದಲು ಬೇಡವೆಂದರೂ ನುಗ್ಗಿ ಬರುವ ಯೋಚನೆಗಳು ಕ್ರಮೇಣ ಅರ್ಥವನ್ನು ಅರಸುವ ಚಿಂತನೆಯಾಗಿ ಮಾರ್ಪಟ್ಟಾಗ ನಂಬಿಕೆಗಳು ಹೊಸದಾಗಿ ಕಟ್ಟಲ್ಪಡುತ್ತವೆ. ಸ್ತನ ಕ್ಯಾನ್ಸರಿನಲ್ಲಿ ಜೀವಭಯದೊಂದಿಗೆ ಸ್ತನವನ್ನು ಕಳೆದುಕೊಳ್ಳುವ ನೋವು, ಕೂದಲು ಉದುರುವಿಕೆ, ರೋಗ ಮರುಕಳಿಸುವ ಆತಂಕಗಳೂ ಸೇರುವುದರಿಂದ ಈ ಸೆಣಸಾಟ ದೀರ್ಘವಾದುದು.

ಮ್ಯಾಥ್ಯೂ ಕಾರ್ಡೋವಾ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನವು ಈ ರೋಗದಿಂದ ಪಾರಾದ 70 ಮಹಿಳೆಯರನ್ನು, ವಯಸ್ಸು ಮತ್ತು ಶಿಕ್ಷಣದಲ್ಲಿ ಅವರಿಗೆ ಸಮಾನರಾದ 70 ಆರೋಗ್ಯವಂತ ಮಹಿಳೆಯರೊಂದಿಗೆ ಹೋಲಿಸಿತು. ಸಂಬಂಧಗಳು, ಬದುಕಿನ ಬೆಲೆ ಹಾಗೂ ಆಧ್ಯಾತ್ಮಿಕತೆಯ ನೆಲೆಗಳಲ್ಲಿ ಮೊದಲ ಗುಂಪಿನ ಬೆಳವಣಿಗೆ ಹೆಚ್ಚಾಗಿತ್ತು. ತಮ್ಮ ಕಾಯಿಲೆಯ ಬಗ್ಗೆ ಇತರರೊಡನೆ ಮಾತನಾಡಿದ್ದವರಲ್ಲಿ ಅದು ಇನ್ನೂ ಹೆಚ್ಚಾಗಿ ಕಂಡುಬಂದಿತು.

ಜಾನಪದ ಅಧ್ಯಯನಕ್ಕೆ ಮುಖ್ಯವಾಗುವುದು ಈ ಕೊನೆಯ ಅಂಶ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಯೊಂದರಲ್ಲಿ ಹೆಂಗಸೊಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿರುತ್ತದೆ. ಆಕೆ ಅವನ್ನು ಯಾರಿಗೂ ಹೇಳುವುದಿಲ್ಲ. ಉಸಿರುಗಟ್ಟಿದ ಅವು ಹೊರಬಂದು ಪಾದರಕ್ಷೆಯಾಗಿ, ಅಂಗಿಯಾಗಿ ರೂಪ ತಾಳಿ ಗಂಡನ ಮನಸ್ಸಿನಲ್ಲಿ ಸಂಶಯ ಬಿತ್ತುತ್ತವೆ. ಹೇಳದೆ ಉಳಿದದ್ದು ಇಲ್ಲವಾಗುವುದಿಲ್ಲ ಎಂಬುದು ಕಥೆಯ ಇಂಗಿತ. ಮೈಯ ಸಂಕೋಚದಿಂದ ಮುಚ್ಚಿಡಲಾಗುವ ಈ ರೋಗಕ್ಕೂ ಈ ಮಾತು ಸಲ್ಲುತ್ತದೆ.

ಆದರೆ ಹೇಳಿಕೊಳ್ಳುವವಳಿಗೆ ಅಳುವ ಅವಕಾಶವೂ ಇರಬೇಕು. ಇದೇ ರೋಗಕ್ಕೆ ತುತ್ತಾಗಿದ್ದ ಲೇಖಕಿ ಬಾರ್ಬರಾ ಎಹ್ರೆನ್‌ರೈಕ್ 2001ರ ತಮ್ಮ ಪ್ರಬಂಧದಲ್ಲಿ, ರೋಗಿಗಳ ಮೇಲೆ ಹೇರಲಾಗುವ ಬಲವಂತದ ಹರ್ಷಚಿತ್ತವನ್ನು ಕಟುವಾಗಿ ಟೀಕಿಸಿದರು. ಕಾರ್ಡೋವಾ ಅವರ ಅಧ್ಯಯನದಲ್ಲಿಯೂ ಬೆಳವಣಿಗೆಗೂ ಯಾತನೆಯ ಪ್ರಮಾಣಕ್ಕೂ ಸಂಬಂಧ ಕಂಡುಬರಲಿಲ್ಲ. ಅಂದರೆ ಬೆಳೆದವಳಿಗೂ ನೋವಿರಬಹುದು. ಬೆಳವಣಿಗೆ ಕಾಣದವಳು ಸೋತವಳಲ್ಲ. ಹೆಣ್ಣಿನ ಸಹನೆಯನ್ನೇ ಆದರ್ಶವಾಗಿಸುವ ಸಮಾಜದಲ್ಲಿ 'ಬೆಳವಣಿಗೆ'ಯು ಮತ್ತೊಂದು ಕರ್ತವ್ಯವಾಗಿ ಆಕೆಯ ಹೆಗಲೇರದಂತೆ ನೋಡಿಕೊಳ್ಳುವುದು ಕುಟುಂಬದವರ ಹಾಗೂ ವೈದ್ಯರ ಹೊಣೆಯಾಗಿದೆ.