ನಾಯಿ ಕಜ್ಜಿಗೆ ಐವರ್ಮೆಕ್ಟಿನ್: ಅದೇ ಡೋಸ್ ಒಂದು ನಾಯಿಯನ್ನು ಉಳಿಸಿ ಇನ್ನೊಂದನ್ನು ಕೊಲ್ಲುವುದೇಕೆ?

ನಾಯಿ ಸಾಕಿರುವವರ ವಾಟ್ಸಾಪ್ ಗುಂಪುಗಳಲ್ಲಿ ಐವರ್ಮೆಕ್ಟಿನ್ ಬಗ್ಗೆ ಎರಡು ಥರದ ಫಾರ್ವರ್ಡ್‌ಗಳು ಓಡಾಡುತ್ತವೆ. ಕಜ್ಜಿ, ಉಣ್ಣೆ ಏನೇ ಇರಲಿ, ದನಕ್ಕೆ ಹಾಕುವ ಈ ಇಂಜೆಕ್ಷನ್ ಒಂದೇ ಸಾಕು, ಡಾಕ್ಟರ್ ಫೀಸ್ ಉಳಿಸಿ ಎನ್ನುವುದು ಒಂದು. ಇದು ನಾಯಿಗಳಿಗೆ ವಿಷ, ಯಾರು ಕೊಡಲು ಬಂದರೂ ಬಿಡಬೇಡಿ ಎನ್ನುವುದು ಇನ್ನೊಂದು. ಎರಡರ ಕೆಳಗೂ ಸಾಕ್ಷಿ ಹೇಳುವವರಿದ್ದಾರೆ. "ನಮ್ಮ ನಾಯಿಗೆ ಕೊಟ್ಟೆವು, ಹದಿನೈದು ದಿನದಲ್ಲಿ ಕೂದಲು ಬಂತು" ಎಂದು ಒಬ್ಬರು, "ನಮ್ಮದು ಸತ್ತೇ ಹೋಯಿತು" ಎಂದು ಇನ್ನೊಬ್ಬರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ನಮಗೆ ಬರೆದ ಓದುಗರೊಬ್ಬರು ಎರಡನೇ ಗುಂಪಿನವರು. ಅವರ ಮನೆಯಲ್ಲಿದ್ದದ್ದು ಏಳು ವರ್ಷದ ಕೋಲಿ ಕ್ರಾಸ್. ಕಜ್ಜಿಗೆಂದು ಪರಿಚಯದವರೊಬ್ಬರು ಸಂಜೆ ಇಂಜೆಕ್ಷನ್ ಹಾಕಿದರು. ರಾತ್ರಿ ಜೊಲ್ಲು ಸುರಿಯತೊಡಗಿತು, ಹಿಂಗಾಲು ತೂರಾಡಿತು, ಗೋಡೆ ಕಾಣದಂತೆ ಹೋಗಿ ಡಿಕ್ಕಿ ಹೊಡೆಯಿತು. ಬೆಳಗ್ಗೆ ಹೆಸರು ಕರೆದರೂ ಕಿವಿ ಅಲ್ಲಾಡಲಿಲ್ಲ. ಮೂರನೇ ದಿನ ಹೋಯಿತು. ಅವರು ಕೇಳಿದ್ದು ಇಷ್ಟು: ಔಷಧಿ ಎಕ್ಸ್‌ಪೈರಿ ಆಗಿತ್ತೇ? ಡೋಸ್ ಜಾಸ್ತಿಯಾಯಿತೇ? ಅಥವಾ ಆ ರಾತ್ರಿ ನಾನು ಮೊಸರನ್ನ ತಿನ್ನಿಸಿದ್ದಕ್ಕೆ ಹೀಗಾಯಿತೇ?

ಮೊಸರನ್ನಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇವೆ, ಏಕೆಂದರೆ ಅವರನ್ನು ಹೆಚ್ಚು ಕಾಡುತ್ತಿದ್ದದ್ದು ಅದೇ. ಪರೀಕ್ಷೆ ಮಾಡಿಸದ ನಾಯಿಯ ಬಗ್ಗೆ ಪ್ರಮಾಣ ಮಾಡಿ ಹೇಳಲಾಗದು. ಆದರೆ ಅವರು ಬರೆದ ಲಕ್ಷಣಗಳು, ಅವು ಬಂದ ಹೊತ್ತು, ನಾಯಿಯ ತಳಿ ಎಲ್ಲವೂ ಒಂದೇ ಕಡೆ ಬೆರಳು ತೋರಿಸುತ್ತವೆ.

ಔಷಧಿ ಕೆಟ್ಟದ್ದೇ?

ಅಲ್ಲ. ಜಪಾನಿನ ಮಣ್ಣಿನಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾದಿಂದ ಹುಟ್ಟಿದ ಔಷಧಿ ಇದು. 1981ರಲ್ಲಿ ಜಾನುವಾರುಗಳಿಗೆಂದು ಮಾರುಕಟ್ಟೆಗೆ ಬಂತು. ಇದರ ಹಿಂದಿದ್ದ ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ 2015ರ ವೈದ್ಯಕೀಯ ನೊಬೆಲ್ ಹಂಚಿಕೊಂಡರು. ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಆನೆಕಾಲು ರೋಗ ಹೋಗಲಾಡಿಸಲು ಜನರಿಗೇ ಕೊಟ್ಟ ಮೂರು ಔಷಧಿಗಳಲ್ಲಿ ಇದೂ ಒಂದು. ಕೋವಿಡ್ ಕಾಲದಲ್ಲಿ ಹಲವರ ಮನೆಯ ಔಷಧಿ ಡಬ್ಬಿಗೂ ಬಂದು ಸೇರಿತು. ಫಾರ್ವರ್ಡ್ ನೋಡಿದವರು ಅಲ್ಲಿಗೇ ಕೈಹಾಕುವುದು.

ಜಂತುಹುಳು, ಕಜ್ಜಿಯ ನುಸಿ ಇವುಗಳ ನರಗಳಲ್ಲಿರುವ ಚಿಕ್ಕ ಬಾಗಿಲುಗಳನ್ನು ಐವರ್ಮೆಕ್ಟಿನ್ ತೆರೆದು ಹಾಗೇ ಬಿಡುತ್ತದೆ. ನರ ಸ್ತಬ್ಧವಾಗಿ ಹುಳು ಸಾಯುತ್ತದೆ. ನಾಯಿಗೂ, ಮನುಷ್ಯರಿಗೂ ಇದು ಕೈಹಾಕಬಲ್ಲ ಅಂಥ ಬಾಗಿಲುಗಳಿವೆ, ಆದರೆ ಅವು ಮಿದುಳಿನಲ್ಲಿವೆ. ಔಷಧಿ ಮಿದುಳಿಗೆ ಹೋಗದಿದ್ದರೆ ತೊಂದರೆಯಿಲ್ಲ. ಹೋಗದಂತೆ ತಡೆಯುವುದು ಪಿ-ಗ್ಲೈಕೋಪ್ರೋಟೀನ್ ಎಂಬ ಪ್ರೋಟೀನು. ಮಿದುಳಿನ ರಕ್ತನಾಳಗಳ ಗೋಡೆಯಲ್ಲಿ ಕೂತು, ಒಳನುಗ್ಗಿದ ಔಷಧಿಯನ್ನು ಪಂಪಿನಂತೆ ಮತ್ತೆ ರಕ್ತಕ್ಕೇ ಎಸೆಯುತ್ತಿರುತ್ತದೆ.

ಕೆಲವು ನಾಯಿಗಳಲ್ಲಿ ಈ ಪಂಪೇ ಇಲ್ಲ. ಅದನ್ನು ಕಟ್ಟುವ ಎಂಡಿಆರ್1 ಎಂಬ ಜೀನ್‌ನಲ್ಲಿ ಡಿಎನ್‌ಎಯ ನಾಲ್ಕೇ ನಾಲ್ಕು ಅಕ್ಷರ ಕಾಣೆಯಾಗಿವೆ. ಅಷ್ಟಕ್ಕೇ ಪ್ರೋಟೀನ್ ಅರ್ಧಕ್ಕೆ ನಿಂತುಬಿಡುತ್ತದೆ. ಕೋಲಿಗಳು ಈ ಔಷಧಿಗೆ ಸಾಯುತ್ತವೆ ಎಂಬುದು ಪಶುವೈದ್ಯರಿಗೆ 1980ರ ದಶಕದಲ್ಲೇ ಗೊತ್ತಿತ್ತು. ಕಾರಣ ಸಿಕ್ಕಿದ್ದು 2001ರಲ್ಲಿ, ಅಮೆರಿಕದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯ ಕ್ಯಾಟ್ರಿನಾ ಮೀಲಿ ಮತ್ತು ಅವರ ತಂಡಕ್ಕೆ. ಲ್ಯಾಸಿ ಸಿನಿಮಾದಲ್ಲಿ ಬರುವ ಉದ್ದ ಕೂದಲಿನ ನಾಯಿ ನೆನಪಿದೆಯಲ್ಲ, ಆ ತಳಿಯಲ್ಲಿ ಹತ್ತಕ್ಕೆ ಸುಮಾರು ಏಳು ನಾಯಿಗಳು ಈ ದೋಷದ ಕನಿಷ್ಠ ಒಂದು ಪ್ರತಿಯನ್ನು ಹೊತ್ತಿವೆ. ಆಸ್ಟ್ರೇಲಿಯನ್ ಶೆಫರ್ಡ್‌ಗಳಲ್ಲಿ ಸುಮಾರು ಅರ್ಧದಷ್ಟು. ಶೆಟ್‌ಲ್ಯಾಂಡ್ ಶೀಪ್‌ಡಾಗ್, ಓಲ್ಡ್ ಇಂಗ್ಲಿಷ್ ಶೀಪ್‌ಡಾಗ್‌ಗಳಲ್ಲೂ ಇದೆ. ನಮ್ಮಲ್ಲಿ ಮನೆಮನೆಯಲ್ಲಿರುವ ಜರ್ಮನ್ ಶೆಫರ್ಡ್‌ನಲ್ಲಿ ಕಡಿಮೆ, ಆದರೆ ಇಲ್ಲದಿಲ್ಲ. 2004ರ ಒಂದು ಅಧ್ಯಯನ ಇದರ ಮೂಲವನ್ನು ಹತ್ತೊಂಬತ್ತನೇ ಶತಮಾನದ ಬ್ರಿಟನ್ನಿನ ಒಂದೇ ಒಂದು ನಾಯಿಗೆ ಕೊಂಡೊಯ್ದಿದೆ. ಕ್ರಾಸ್ ನಾಯಿಗಳಿಗೂ ಇದು ಅಪ್ಪನಿಂದಲೋ ಅಮ್ಮನಿಂದಲೋ ಬರುತ್ತದೆ. ಇಬ್ಬರಿಂದಲೂ ಬಂದರೆ ಅಪಾಯ ಅತಿ ಹೆಚ್ಚು.

ಲೆಕ್ಕ ಸರಿ, ನಾಯಿ ಬೇರೆ

"ಅತಿಯಾದರೆ ಅಮೃತವೂ ವಿಷ" ಎಂಬ ಗಾದೆ ಇಲ್ಲಿ ಅರ್ಧ ಮಾತ್ರ ಹೊಂದುತ್ತದೆ. ಲೆಕ್ಕ ನೋಡಿ. ಹೃದಯದ ಹುಳು ಬಾರದಂತೆ ತಿಂಗಳಿಗೊಮ್ಮೆ ಕೊಡುವ ಐವರ್ಮೆಕ್ಟಿನ್ ಡೋಸ್, ನಾಯಿಯ ಪ್ರತಿ ಕೆಜಿಗೆ 6 ಮೈಕ್ರೋಗ್ರಾಂ. ಇದು ಕೋಲಿಗೂ ಸುರಕ್ಷಿತ, ಆದ್ದರಿಂದ "ಯಾರು ಕೊಟ್ಟರೂ ಬಿಡಬೇಡಿ" ಎಂಬ ಫಾರ್ವರ್ಡ್ ತಪ್ಪು. ಕಜ್ಜಿಗೆ ಕೊಡುವುದು ಅದರ ಐವತ್ತರಿಂದ ನೂರು ಪಟ್ಟು, ಅಂದರೆ ಕೆಜಿಗೆ 300ರಿಂದ 600 ಮೈಕ್ರೋಗ್ರಾಂ. ಪಂಪ್ ಇರುವ ನಾಯಿ ಇದನ್ನು ತಡೆದುಕೊಳ್ಳುತ್ತದೆ. ಪಂಪ್ ಇಲ್ಲದ ಕೋಲಿಗೆ 100 ದಾಟುತ್ತಿದ್ದಂತೆ ತೊಂದರೆ ಶುರು. ಅಂದರೆ ಕಜ್ಜಿಗೆ ಪುಸ್ತಕದಲ್ಲಿರುವಷ್ಟೇ ಡೋಸ್ ಕೊಟ್ಟರೂ ಆ ನಾಯಿ ಸಾಯಬಹುದು. "ಡೋಸ್ ಜಾಸ್ತಿಯಾಯಿತೇ" ಎಂಬ ಪ್ರಶ್ನೆಗೆ ನಮ್ಮ ಉತ್ತರವೂ ಇದೇ: ಬೇರೆ ನಾಯಿಗೆ ಸರಿಯಾಗಿದ್ದಿರಬಹುದಾದ ಡೋಸ್ ಅದು.

ಇನ್ನು ದನದ ಇಂಜೆಕ್ಷನ್. ಸಾಮಾನ್ಯವಾಗಿ ಸಿಗುವ 1 ಶೇಕಡಾ ದ್ರಾವಣದಲ್ಲಿ ಒಂದು ಎಂಎಲ್‌ಗೆ 10 ಮಿಲಿಗ್ರಾಂ ಔಷಧಿ. 50 ಕೆಜಿ ತೂಕಕ್ಕೆ ಒಂದು ಎಂಎಲ್ ಎಂದು ದನಕ್ಕೆ ಹಾಕುವಂಥದ್ದು. 5 ಕೆಜಿಯ ನಾಯಿಯಾದರೆ 2 ಎಂಎಲ್ ಸಿರಿಂಜಿನ ಒಂದೇ ಒಂದು ಚಿಕ್ಕ ಗೆರೆ ಹೆಚ್ಚಾದರೂ ಕೆಜಿಗೆ 200 ಮೈಕ್ರೋಗ್ರಾಂ ಏರುತ್ತದೆ. ಮನುಷ್ಯರ 12 ಮಿಲಿಗ್ರಾಂ ಮಾತ್ರೆಯೊಂದನ್ನು 10 ಕೆಜಿಯ ನಾಯಿಗೆ ಹಾಕಿದರೆ ಅದು ಕಜ್ಜಿಯ ಗರಿಷ್ಠ ಡೋಸಿನ ದುಪ್ಪಟ್ಟು. ತೂಕವನ್ನು ಕಣ್ಣಳತೆಯಲ್ಲಿ ಹೇಳುವ ಫಾರ್ವರ್ಡ್‌ಗಳಲ್ಲಿ ಈ ಲೆಕ್ಕ ಬರುವುದೇ ಇಲ್ಲ.

ಹಾಗಾದರೆ ತಪ್ಪು ಯಾರದು? ನಮ್ಮ ಅಭಿಪ್ರಾಯ ಹೇಳುತ್ತೇವೆ: ಸೂಜಿ ಹಿಡಿದವರು "ಇದು ಯಾವ ತಳಿ" ಎಂದು ಕೇಳಬೇಕಿತ್ತು. ನಾಯಿಯನ್ನು ಮಗುವಿನಂತೆ ಸಾಕಿದವರಿಗೆ ಜೀನ್ ವಿಷಯ ಗೊತ್ತಿರಲಿಲ್ಲ ಎಂಬುದು ಅಪರಾಧವಲ್ಲ.

ಈಗಾಗಲೇ ಕೊಟ್ಟಾಗಿದ್ದರೆ

ಲಕ್ಷಣಗಳು ಹೆಚ್ಚಾಗಿ ಕೆಲವು ಗಂಟೆಗಳಲ್ಲೇ ಶುರುವಾಗುತ್ತವೆ: ಕಣ್ಣಿನ ಪಾಪೆ ಹಿಗ್ಗುವುದು, ಜೊಲ್ಲು, ತೂರಾಟ, ನಡುಕ, ಕಣ್ಣು ಕಾಣದಿರುವುದು, ಆಮೇಲೆ ಎಚ್ಚರ ತಪ್ಪುವುದು. ಬೆಳಗಾಗಲಿ ಎಂದು ಕಾಯಬೇಡಿ. ಔಷಧಿಯ ಬಾಟಲಿ ಅಥವಾ ಸ್ಟ್ರಿಪ್ ಸಮೇತ ಪಶು ಆಸ್ಪತ್ರೆಗೆ ಹೋಗಿ, ಎಷ್ಟು ಕೊಟ್ಟಿದ್ದು, ಎಷ್ಟು ಹೊತ್ತಿಗೆ ಎಂದು ಹೇಳಿ. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ತೂರಾಡುವ ನಾಯಿಗೆ ಅದು ಶ್ವಾಸನಾಳಕ್ಕೆ ಇಳಿಯಬಹುದು, ಉಪ್ಪೇ ಬೇರೆ ವಿಷವಾಗಬಹುದು.

ಇದಕ್ಕೆ ಪ್ರತ್ಯೌಷಧವಿಲ್ಲ. ಡ್ರಿಪ್, ಉಸಿರಾಟಕ್ಕೆ ನೆರವು, ಮಗ್ಗುಲು ಬದಲಿಸುವುದು, ಕಣ್ಣು ಒಣಗದಂತೆ ನೋಡಿಕೊಳ್ಳುವುದು, ಔಷಧಿ ದೇಹ ಬಿಡುವವರೆಗೆ ಇಷ್ಟೇ. ಆದರೆ ಎಚ್ಚರ ತಪ್ಪಿ ಮಲಗಿದ ನಾಯಿಗಳು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಆರೈಕೆಯ ನಂತರ ಎದ್ದು ನಡೆದದ್ದೂ ಉಂಟು. ಎರಡನೇ ದಿನಕ್ಕೇ ಆಸೆ ಬಿಡಬೇಕಿಲ್ಲ.

ಹಳ್ಳಿ ಕಡೆಯವರಿಗೆ ಒಂದು ಮಾತು: ಐವರ್ಮೆಕ್ಟಿನ್ ಹಾಕಿಸಿಕೊಂಡ ದನ, ಕುದುರೆಗಳ ಸಗಣಿ, ಲದ್ದಿಯಲ್ಲೂ ಔಷಧಿ ಇರುತ್ತದೆ. ಅದನ್ನು ತಿಂದೂ ಕೋಲಿಗಳು ಮಲಗಿವೆ.

ಆ ಓದುಗರ ಮನೆಯಲ್ಲಿ ಈಗ ಸತ್ತ ನಾಯಿಯದೇ ಮರಿಯೊಂದಿದೆ. ಅದಕ್ಕೆ ಎಂಡಿಆರ್1 ಪರೀಕ್ಷೆ ಮಾಡಿಸಬಹುದು. ಕೆನ್ನೆಯ ಒಳಗಿನ ಸ್ವ್ಯಾಬ್ ಅಥವಾ ಸ್ವಲ್ಪ ರಕ್ತ ಸಾಕು, ಪಶುವೈದ್ಯರನ್ನು ಕೇಳಿ. ಫಲಿತಾಂಶ ಬರುವವರೆಗೆ ದೋಷವಿದೆ ಎಂದೇ ನಡೆದುಕೊಳ್ಳುವುದು ಒಳ್ಳೆಯದು. ಈ ನಾಯಿಗಳಿಗೆ ಐವರ್ಮೆಕ್ಟಿನ್ ಅಷ್ಟೇ ಅಲ್ಲ, ಭೇದಿಗೆ ನಾವು ನುಂಗುವ ಲೋಪೆರಮೈಡ್ ಕೂಡ ಅಪಾಯ. ಗೆಡ್ಡೆಗಳಿಗೆ ಕೊಡುವ ವಿನ್‌ಕ್ರಿಸ್ಟಿನ್, ಮಂಪರಿಗೆ ಕೊಡುವ ಅಸೆಪ್ರೊಮಜಿನ್ ಡೋಸನ್ನು ವೈದ್ಯರು ಇಳಿಸಬೇಕಾಗುತ್ತದೆ. ಜೀನ್ ಪರೀಕ್ಷೆ ಜೀವಮಾನಕ್ಕೆ ಒಮ್ಮೆ ಸಾಕು. ಫಲಿತಾಂಶವನ್ನು ಮರಿಯ ಲಸಿಕೆ ಪುಸ್ತಕದ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆದಿಡಿ.