ನಿಮಗಿದು ಗೊತ್ತೇ? ಬೈಟು ಕಾಫಿ, ಒಂದು ಸಿಗರೇಟು, ಐದು ನಿಮಿಷ

ಸಂಜೆ ಆರರ ಹೊತ್ತಿಗೆ ಬೆಂಗಳೂರಿನ ಗಿರಿನಗರದ ಸೀತಾ ಸರ್ಕಲ್ ಕಡೆ ಒಂದು ಸುತ್ತು ಹಾಕಿ. ಒಂದು ಕೈಯಲ್ಲಿ ಬೈಟು ಕಾಫಿ, ಇನ್ನೊಂದು ಕೈಯಲ್ಲಿ ಸಿಗರೇಟು ಹಿಡಿದವರು ನಾಲ್ಕು ಜನವಾದರೂ ಕಣ್ಣಿಗೆ ಬೀಳುತ್ತಾರೆ. ಪೆಟ್ಟಿಗೆ ಅಂಗಡಿಯ ಪಕ್ಕದಲ್ಲಿ ದಾರ ಕಟ್ಟಿ ಇಳಿಬಿಟ್ಟ ಲೈಟರು. ಖಾಯಂ ಗಿರಾಕಿ ಬಾಯಿ ಬಿಡುವ ಮೊದಲೇ ಅಂಗಡಿಯವನ ಕೈ ಅವನ ಬ್ರ್ಯಾಂಡಿನ ಪ್ಯಾಕಿಗೆ ಹೋಗಿರುತ್ತದೆ. ಹದಿನಾಲ್ಕು ವರ್ಷ ನಾನೂ ಅಂಥ ಗಿರಾಕಿಯೇ ಆಗಿದ್ದೆ. ಬಿಡುವಾಗ ನನಗೆ ಯಾರೂ ಹೇಳದಿದ್ದ ಕೆಲವು ಸಂಗತಿಗಳನ್ನು ಇಲ್ಲಿ ಕೊಟ್ಟಿದ್ದೇನೆ.

ಸೇದಲೇಬೇಕು ಎನ್ನುವ ಚಡಪಡಿಕೆ ಎಷ್ಟು ಹೊತ್ತು ಇರುತ್ತದೆ, ಗೊತ್ತೇ? ಸಾಮಾನ್ಯವಾಗಿ 3ರಿಂದ 5 ನಿಮಿಷ. ಸೇದಿದರೂ ಅಷ್ಟೇ, ಸೇದದಿದ್ದರೂ ಅಷ್ಟೇ, ತಾನಾಗಿ ಇಳಿಯುತ್ತದೆ. ಕತ್ತರಿಗುಪ್ಪೆ ಸಿಗ್ನಲ್ಲಿನಲ್ಲಿ ಎರಡು ಸಲ ಕೆಂಪು ಬೀಳುವಷ್ಟು ಹೊತ್ತು. ಆ ಐದು ನಿಮಿಷ ಕಳೆಯಲು ವೈದ್ಯರು ಹೇಳುವುದು ನಾಲ್ಕೇ ಕೆಲಸ: ತಡಮಾಡಿ, ಉದ್ದಕ್ಕೆ ಉಸಿರೆಳೆದು ಬಿಡಿ, ನೀರು ಕುಡಿಯಿರಿ, ನಿಂತ ಜಾಗ ಬಿಟ್ಟು ಬೇರೇನಾದರೂ ಮಾಡಿ. ನನಗೆ ಕೈಹಿಡಿದದ್ದು ನಾಲ್ಕನೆಯದು. ವಿವೇಕಾನಂದ ಪಾರ್ಕಿನವರೆಗೆ ನಡೆದು ವಾಪಸ್ಸು ಬರುವುದರೊಳಗೆ ಯಾಕೆ ಹೊರಟಿದ್ದೆ ಅನ್ನುವುದೇ ಮರೆತುಹೋಗಿರುತ್ತಿತ್ತು.

ಒಂದು ದಮ್ಮು ಎಳೆದರೆ ನಿಕೋಟಿನ್ ಮಿದುಳು ಸೇರಲು 10ರಿಂದ 20 ಸೆಕೆಂಡು ಸಾಕು. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿದ್ದ ಅದರ ಅರ್ಧ ಖಾಲಿ. ಹನ್ನೊಂದು ಗಂಟೆಯ ಮೀಟಿಂಗು ಮುಗಿಯುವ ಹೊತ್ತಿಗೆ ಕಾಲು ತಾನಾಗಿ ಮೆಟ್ಟಿಲ ಕಡೆ ತಿರುಗುವುದು ಈ ಲೆಕ್ಕದಿಂದಲೇ.

ಚಟ ಎಷ್ಟು ಗಟ್ಟಿ ಎಂದು ಅಳೆಯುವ ಫಾಗರ್‌ಸ್ಟ್ರಾಮ್ ಪರೀಕ್ಷೆ ಎಂಬುದಿದೆ. ಆರು ಪ್ರಶ್ನೆ, 10 ಅಂಕ. ಅದರಲ್ಲಿ ಅತಿ ಮುಖ್ಯವಾದದ್ದು, ಎದ್ದ ಎಷ್ಟು ನಿಮಿಷಕ್ಕೆ ಮೊದಲನೆಯದನ್ನು ಹಚ್ಚುತ್ತೀರಿ ಎಂಬುದು. ಐದು ನಿಮಿಷದೊಳಗೆ ಎನ್ನುವವರಿಗೆ ಪೂರ್ತಿ ಮೂರು ಅಂಕ. ಹಲ್ಲುಜ್ಜುವ ಮುಂಚೆಯೇ ಬಾಲ್ಕನಿಗೆ ಹೋಗುವವರು ಬರೀ ಮನೋಬಲ ನೆಚ್ಚಿಕೊಂಡು ಕೂರಬೇಡಿ, ವೈದ್ಯರ ಸಹಾಯ ತೆಗೆದುಕೊಳ್ಳಿ.

ಇನ್ನು ಕಾಫಿ. ನಮ್ಮ ಕಡೆಯವರಿಗೆ ಇದೊಂದು ಗೊತ್ತಿರಲೇಬೇಕು. ಸಿಗರೇಟಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಲಿವರಿನ ಒಂದು ಕಿಣ್ವವನ್ನು ಚುರುಕುಗೊಳಿಸುತ್ತವೆ. ಕಾಫಿಯ ಕೆಫೀನನ್ನು ಒಡೆಯುವುದೂ ಅದೇ ಕಿಣ್ವ. ಹಾಗಾಗಿ ಸೇದುವವರ ಮೈಯಲ್ಲಿ ಕಾಫಿ ಬೇಗ ಕರಗುತ್ತದೆ, ಐದಾರು ಲೋಟ ಕುಡಿದರೂ ನಿದ್ದೆ ಬರುತ್ತದೆ. ಸಿಗರೇಟು ಬಿಟ್ಟ ಕೆಲವೇ ದಿನಗಳಲ್ಲಿ ಆ ಕಿಣ್ವ ಮಾಮೂಲಿಗೆ ಬರುತ್ತದೆ. ಕಾಫಿ ಮಾತ್ರ ಅಷ್ಟೇ ಲೋಟ ಕುಡಿಯುತ್ತಿದ್ದರೆ ರಕ್ತದಲ್ಲಿ ಕೆಫೀನು ಸುಮಾರು ಎರಡು ಪಟ್ಟಾಗುತ್ತದೆ. ಎದೆ ಡವಡವ, ಕೈ ನಡುಕ, ರಾತ್ರಿ ಎರಡಕ್ಕೆ ಫ್ಯಾನು ನೋಡುತ್ತ ಮಲಗುವುದು. ನಾವು ಇದನ್ನೆಲ್ಲ ‘ಸಿಗರೇಟು ಬಿಟ್ಟಿದ್ದಕ್ಕೆ ಹೀಗಾಗ್ತಿದೆ’ ಎಂದುಕೊಂಡು ಮತ್ತೆ ಹಚ್ಚುತ್ತೇವೆ. ನಾನು ಎರಡು ಸಲ ಹೀಗೇ ಮೋಸಹೋದೆ. ಮೂರನೆಯ ಸಲ ಕಾಫಿಯನ್ನು ಅರ್ಧಕ್ಕಿಳಿಸಿದೆ. ಬೈಟು ಸಂಸ್ಕೃತಿಯ ಊರಿನವರಿಗೆ ಇದೇನು ಕಷ್ಟದ ಕೆಲಸವಲ್ಲ, ಇನ್ನರ್ಧ ಕುಡಿಯಲು ಒಬ್ಬ ಸ್ನೇಹಿತ ಇದ್ದರಾಯಿತು.

ಇದೇ ಕಿಣ್ವ ಕೆಲವು ಮಾತ್ರೆಗಳನ್ನೂ ಕರಗಿಸುತ್ತದೆ. ಮನೋರೋಗಕ್ಕೆ ಕೊಡುವ ಕ್ಲೋಜಪಿನ್, ಒಲಾಂಜಪಿನ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ತೆಗೆದುಕೊಳ್ಳುವವರು ಸಿಗರೇಟು ಬಿಡುವ ಮುಂಚೆ ವೈದ್ಯರಿಗೆ ಹೇಳಿ. ಡೋಸು ಬದಲಾಗಬೇಕಾಗಬಹುದು.

ನಿಕೋಟಿನ್ ಗಮ್ಮಿನ ಹಿಂದೆ ಸಬ್‌ಮೆರೀನ್ ಇದೆ, ಗೊತ್ತೇ? ನೀರಿನಡಿ ಸೇದುವಂತಿಲ್ಲದ ಸ್ವೀಡನ್ನಿನ ನಾವಿಕರು ಹೊಗೆಸೊಪ್ಪು ಅಗಿದು ಕಾಲ ಹಾಕುತ್ತಿದ್ದರು. 1960ರ ದಶಕದ ಕೊನೆಯಲ್ಲಿ ಈ ಸುದ್ದಿ ಓವ್ ಫೆರ್ನೊ ಎಂಬ ವಿಜ್ಞಾನಿಯ ಕಿವಿಗೆ ಬಿತ್ತು. ಅದರಿಂದ ಹುಟ್ಟಿದ ಗಮ್ಮು 1978ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಮಾರಾಟಕ್ಕೆ ಬಂತು. ಇದನ್ನು ಬಬಲ್ ಗಮ್ಮಿನ ಹಾಗೆ ಜಗಿದವರೇ ಹೆಚ್ಚು, ಆಮೇಲೆ ಬಿಕ್ಕಳಿಕೆ, ಹೊಟ್ಟೆ ತೊಳಸು ಎಂದು ಬೈಯುವವರೂ ಅವರೇ. ನಾಲ್ಕಾರು ಸಲ ಅಗಿದು, ಖಾರ ಹತ್ತಿದ ಕೂಡಲೇ ಕೆನ್ನೆ ಮತ್ತು ಒಸಡಿನ ನಡುವೆ ಒತ್ತರಿಸಿಡಬೇಕು, ಹೊಗೆಸೊಪ್ಪು ಇಟ್ಟುಕೊಳ್ಳುತ್ತಿದ್ದ ಅಜ್ಜಿಯರ ಹಾಗೆ. ಖಾರ ಇಳಿದ ಮೇಲೆ ಮತ್ತೆ ಅಗಿಯುವುದು. ಕಾಫಿ ಕುಡಿದ ಬಾಯಿ ನಿಕೋಟಿನನ್ನು ಸರಿಯಾಗಿ ಹೀರುವುದಿಲ್ಲ, ಕಾಲು ಗಂಟೆ ಬಿಡಿ. ಕಾಫಿ ಇಲ್ಲೂ ಅಡ್ಡ ಬಂತು ನೋಡಿ!

ಮೊಗಲರ ಆಸ್ಥಾನಕ್ಕೆ ತಂಬಾಕು ಹೋದದ್ದು ನಮ್ಮ ವಿಜಯಪುರದಿಂದ. ಆದಿಲ್‌ಶಾಹಿ ರಾಜಧಾನಿಗೆ ಬಂದಿದ್ದ ಅಕ್ಬರನ ದೂತ ಅಸದ್ ಬೇಗ್, ಇಲ್ಲಿ ತಂಬಾಕು ಕಂಡು ಬೆರಗಾಗಿ, ರತ್ನ ಕೂಡಿಸಿದ ಹುಕ್ಕಾ ಮಾಡಿಸಿಕೊಂಡು ಹೋಗಿ ಬಾದಶಹನ ಮುಂದಿಟ್ಟ. ಇದು 1600ರ ನಂತರದ ನಾಲ್ಕೈದು ವರ್ಷದೊಳಗಿನ ಮಾತು. ಅಕ್ಬರ್ ಒಂದೆರಡು ದಮ್ಮು ಎಳೆದ. ಪಕ್ಕದಲ್ಲಿದ್ದ ಹಕೀಮ, ಗುಣ ಗೊತ್ತಿಲ್ಲದ ವಸ್ತು ಬೇಡ ಎಂದು ತಡೆದ. ಅಕ್ಬರ್ ಅಲ್ಲಿಗೇ ಬಿಟ್ಟ, ಆಸ್ಥಾನದವರು ಬಿಡಲಿಲ್ಲ. ಮಗ ಜಹಾಂಗೀರ್ 1617ರಲ್ಲಿ ನಿಷೇಧವನ್ನೇ ಹೊರಡಿಸಿದ. ಅದು ಎಷ್ಟರಮಟ್ಟಿಗೆ ನಡೆಯಿತು ಅನ್ನುವುದಕ್ಕೆ ಇವತ್ತಿನ ಸೀತಾ ಸರ್ಕಲ್ ಸಾಕ್ಷಿ.

ಸ್ವಲ್ಪಸ್ವಲ್ಪವಾಗಿ ಕಡಿಮೆ ಮಾಡುತ್ತೇನೆ ಎನ್ನುವವರಿಗೆ ಒಂದು ಮಾತು. ಇಂಗ್ಲೆಂಡಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನ ಗೊತ್ತುಮಾಡಿ ಒಂದೇ ಏಟಿಗೆ ಬಿಟ್ಟವರಲ್ಲಿ ಶೇಕಡಾ 49 ಜನ ನಾಲ್ಕು ವಾರದ ನಂತರವೂ ಸೇದಿರಲಿಲ್ಲ. ಇಳಿಸುತ್ತ ಬಂದವರಲ್ಲಿ 39. ‘ದಿನಕ್ಕೆ ಒಂದೇ ಒಂದು’ ಎಂಬ ಸಮಾಧಾನವೂ ಬೇಡ. ಇಪ್ಪತ್ತು ಸೇದುವವರಿಗೆ ಹೃದಯದ ಕಾಯಿಲೆಯ ಅಪಾಯ ಎಷ್ಟು ಹೆಚ್ಚುತ್ತದೋ, ಒಂದೇ ಸೇದುವವರಿಗೆ ಅದರ ಹತ್ತಿರ ಹತ್ತಿರ ಅರ್ಧದಷ್ಟು ಹೆಚ್ಚುತ್ತದೆ.

‘ಟೆನ್ಷನ್ ಸಾರ್, ಅದಕ್ಕೇ ಸೇದೋದು.’ 26 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಬಿಟ್ಟವರಲ್ಲಿ ಆತಂಕವೂ ಒತ್ತಡವೂ ಮೊದಲಿಗಿಂತ ಕಡಿಮೆಯಾಗಿತ್ತು. ಸಿಗರೇಟು ತಣಿಸುತ್ತಿದ್ದದ್ದು ಬಹುಪಾಲು ಹಿಂದಿನ ಸಿಗರೇಟು ಹಚ್ಚಿಟ್ಟಿದ್ದ ಟೆನ್ಷನ್ನನ್ನೇ.

ಬಿಟ್ಟ ಮೊದಲ ವಾರ ಬಾಯಿಹುಣ್ಣು ಏಳಬಹುದು, ಮಲಬದ್ಧತೆ ಆಗಬಹುದು, ಕೆಮ್ಮು ಹೆಚ್ಚಬಹುದು. ಗಾಬರಿ ಬೇಡ. ಎರಡನೆಯ, ಮೂರನೆಯ ದಿನ ಅತಿ ಕಷ್ಟ. ಎರಡರಿಂದ ನಾಲ್ಕು ವಾರದಲ್ಲಿ ಬಹುತೇಕ ಇಳಿಯುತ್ತದೆ. ವರ್ಷದಲ್ಲಿ ನಾಲ್ಕೈದು ಕಿಲೋ ತೂಕ ಏರುವುದು ಸಾಮಾನ್ಯ. ಪ್ಯಾಂಟು ಹೊಲಿಸಿಕೊಳ್ಳಿ.

ಸಿಗರೇಟು ಬಿಟ್ಟು ಗುಟ್ಕಾಕ್ಕೆ ಹೋದರೆ ಬಿಟ್ಟ ಹಾಗಲ್ಲ. ಗುಟ್ಕಾವನ್ನು ಕರ್ನಾಟಕ 2013ರಲ್ಲೇ ನಿಷೇಧಿಸಿತು. ಆದರೂ 2016-17ರ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ವಯಸ್ಕರಲ್ಲಿ ಹೊಗೆ ಸೇದುವವರು ಶೇಕಡಾ 8.8, ಹೊಗೆಯಿಲ್ಲದ ತಂಬಾಕು ಹಾಕುವವರು ಶೇಕಡಾ 16.3.

ವಯಸ್ಸಾಯಿತು, ಇನ್ನು ಬಿಟ್ಟೇನು ಪ್ರಯೋಜನ? ಬ್ರಿಟನ್ನಿನ ವೈದ್ಯರನ್ನೇ 1951ರಿಂದ 50 ವರ್ಷ ಹಿಂಬಾಲಿಸಿದ ಅಧ್ಯಯನದ ಲೆಕ್ಕ ಹೀಗಿದೆ: 30ರಲ್ಲಿ ಬಿಟ್ಟವರಿಗೆ ಸುಮಾರು 10 ವರ್ಷ ಆಯುಸ್ಸಿನ ಲಾಭ, 40ರಲ್ಲಿ 9, 50ರಲ್ಲಿ 6, 60ರಲ್ಲಿ ಬಿಟ್ಟವರಿಗೂ 3.

ಕಾನೂನು ಗೊತ್ತೇ? ಕರ್ನಾಟಕದ ತಿದ್ದುಪಡಿ 2025ರ ಮೇನಲ್ಲಿ ಜಾರಿಗೆ ಬಂತು. ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 200 ರೂಪಾಯಿಯಿಂದ 1,000ಕ್ಕೆ ಏರಿದೆ, ಕೊಳ್ಳುವವರಿಗೆ ಕನಿಷ್ಠ 21 ವರ್ಷ ಆಗಿರಬೇಕು, ಹುಕ್ಕಾ ಬಾರ್ ನಡೆಸಿದರೆ ಜೈಲು. ಬಿಡಿ ಸಿಗರೇಟು ಮಾರುವುದೂ ತಪ್ಪು. ದಾರಕ್ಕೆ ನೇತಾಡುವ ಲೈಟರು ಮಾತ್ರ ಇನ್ನೂ ನೇತಾಡುತ್ತಿದೆ. ಪ್ಯಾಕು ಕೊಂಡವನ ಜೇಬಿನಲ್ಲಿ ಬೆಂಕಿ ಇದ್ದೇ ಇರುತ್ತದೆ, ಆ ದಾರ ಇರುವುದು ಒಂದೊಂದೇ ಕೊಳ್ಳುವವನಿಗೆ. ಅವನಿಗೆ ತಾನು ದಿನಕ್ಕೆ ಎಷ್ಟು ಸೇದಿದೆ ಎನ್ನುವ ಲೆಕ್ಕವೂ ಸಿಗುವುದಿಲ್ಲ. ಒಂದಕ್ಕೆ 20 ರೂಪಾಯಿ, ದಿನಕ್ಕೆ ಎಂಟು ಎಂದಿಟ್ಟುಕೊಳ್ಳಿ, ವರ್ಷಕ್ಕೆ 58,400 ರೂಪಾಯಿ.

ಬಿಡಿಯಾಗಿ ಕೊಳ್ಳುವವನಿಗೆ ತಪ್ಪಿಹೋಗುವುದು ಇನ್ನೊಂದಿದೆ. 2018ರ ಸೆಪ್ಟೆಂಬರಿನಿಂದ ಪ್ರತಿ ಪ್ಯಾಕಿನ ಮೇಲೂ ಒಂದು ಉಚಿತ ಫೋನ್ ನಂಬರು ಅಚ್ಚಾಗಿರುತ್ತದೆ. ಪ್ಯಾಕು ಅಂಗಡಿಯವನ ಕೈಯಲ್ಲೇ ಉಳಿಯುವುದರಿಂದ ಹದಿನಾಲ್ಕು ವರ್ಷದ ಗಿರಾಕಿಯಾದ ನಾನು ಅದನ್ನು ಓದಿಯೇ ಇರಲಿಲ್ಲ. ಈ ರಾಷ್ಟ್ರೀಯ ಕ್ವಿಟ್‌ಲೈನ್ 2016ರಲ್ಲಿ ದೆಹಲಿಯಲ್ಲಿ ಶುರುವಾಯಿತು. ದಕ್ಷಿಣದ ಕೇಂದ್ರ ಇಲ್ಲೇ, ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿದೆ. ಕನ್ನಡದಲ್ಲೇ ಮಾತಾಡಬಹುದು. ನಂಬರು 1800-11-2356.