ಗಾಯಾಳುವಿನ ಹಾದಿ: ಪುಣೆಯಲ್ಲಿ ತುರ್ತು ಚಿಕಿತ್ಸೆಯ ವ್ಯವಸ್ಥೆ ರೂಪುಗೊಂಡ ಬಗೆ

ರಸ್ತೆ ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡವರ ಅಳಿವು ಉಳಿವು ಯಾವುದೋ ಒಂದು ದೊಡ್ಡ ಆಸ್ಪತ್ರೆಯ ಹೆಸರಿನಿಂದ ತೀರ್ಮಾನವಾಗುವುದಿಲ್ಲ. ಅಪಘಾತವನ್ನು ಕಂಡವರು ಕರೆ ಮಾಡುವುದು, ಆಂಬುಲೆನ್ಸ್ ಬಂದು ಸೇರುವುದು, ದಾರಿಯಲ್ಲಿ ಉಸಿರಾಟವನ್ನು ಕಾಪಾಡಿ ರಕ್ತಸ್ರಾವವನ್ನು ತಡೆಯುವುದು, ಸರಿಯಾದ ಆಸ್ಪತ್ರೆಯನ್ನು ಆರಿಸುವುದು, ಅಲ್ಲಿ ಶಸ್ತ್ರಚಿಕಿತ್ಸಕರು ಸಿದ್ಧರಿರುವುದು, ಇವೆಲ್ಲ ಒಂದರ ಹಿಂದೊಂದು ನಡೆದಾಗ ಮಾತ್ರ ಜೀವ ಉಳಿಯುತ್ತದೆ. ಈ ಎಲ್ಲ ಹಂತಗಳನ್ನು ಒಂದು ಪ್ರದೇಶದ ಮಟ್ಟದಲ್ಲಿ ಜೋಡಿಸಿ ನಡೆಸುವ ಏರ್ಪಾಡನ್ನು ವೈದ್ಯಶಾಸ್ತ್ರವು ಪ್ರಾದೇಶಿಕ ಟ್ರಾಮಾ ವ್ಯವಸ್ಥೆ ಎಂದು ಕರೆಯುತ್ತದೆ. ಟ್ರಾಮಾ ಎಂದರೆ ಇಲ್ಲಿ ಹೊರಗಿನ ಪೆಟ್ಟಿನಿಂದ ದೇಹಕ್ಕೆ ಉಂಟಾಗುವ ಗಾಯ. ಪುಣೆ ನಗರ ಮತ್ತು ಅದನ್ನು ಹಾದುಹೋಗುವ ಹೆದ್ದಾರಿಗಳಲ್ಲಿ ಇಂತಹ ವ್ಯವಸ್ಥೆಯ ಭಾಗಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಗಳಿಗಾಗಿ ಹುಟ್ಟಿಕೊಂಡವು. ಅವುಗಳನ್ನು ಜೋಡಿಸುವ ಕೆಲಸ ತಡವಾಗಿ ಆರಂಭವಾಯಿತು.

ಮೊದಲು ಆಸ್ಪತ್ರೆ, ಆಮೇಲೆ ಹೆದ್ದಾರಿ

ಡೇವಿಡ್ ಸಸೂನ್ ಅವರ ಕೊಡುಗೆಯಿಂದ 1867ರಲ್ಲಿ ಸ್ಥಾಪನೆಯಾದ ಸಸೂನ್ ಆಸ್ಪತ್ರೆ ಇಂದಿಗೂ ಪುಣೆಯ ಬಡ ಗಾಯಾಳುಗಳ ಮುಖ್ಯ ಆಸರೆಯಾಗಿದೆ. ಅದಕ್ಕೆ ಹೊಂದಿಕೊಂಡಂತೆ 1946ರಲ್ಲಿ ಬಿ.ಜೆ. ವೈದ್ಯಕೀಯ ಕಾಲೇಜು ಆರಂಭವಾಯಿತು. 1948ರಲ್ಲಿ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು ಸ್ಥಾಪನೆಯಾಗಿ, ಸೇನಾ ವೈದ್ಯರ ತರಬೇತಿಗೂ ಪುಣೆ ಕೇಂದ್ರವಾಯಿತು. ಮುಂದೆ ಖಾಸಗಿ ಆಸ್ಪತ್ರೆಗಳೂ ಬೆಳೆದವು. ಹೀಗೆ ಚಿಕಿತ್ಸೆ ನೀಡಬಲ್ಲ ಕೈಗಳಿಗೆ ನಗರದಲ್ಲಿ ಕೊರತೆ ಇರಲಿಲ್ಲ. ಗಾಯಾಳು ಆ ಕೈಗಳವರೆಗೆ ತಲುಪುವ ಬಗೆಯನ್ನು ಮಾತ್ರ ಯಾರೂ ವ್ಯವಸ್ಥಿತವಾಗಿ ಯೋಜಿಸಿರಲಿಲ್ಲ.

ಆಸ್ಪತ್ರೆಯ ಬಾಗಿಲಿಗೆ ಬಂದವರಿಗೂ ಚಿಕಿತ್ಸೆ ಸಿಗುವ ಖಾತರಿ ಇರದಿದ್ದ ಕಾಲವದು. ಪೊಲೀಸ್ ಪ್ರಕರಣವೆಂಬ ಕಾರಣಕ್ಕೆ ಗಾಯಾಳುಗಳನ್ನು ಮತ್ತೊಂದು ಆಸ್ಪತ್ರೆಗೆ ಸಾಗಹಾಕುವ ಪದ್ಧತಿಗೆ ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರ ಪ್ರಕರಣದಲ್ಲಿ ತಡೆ ಹಾಕಿತು; ಸರ್ಕಾರಿ ಇರಲಿ, ಖಾಸಗಿ ಇರಲಿ, ಜೀವ ಉಳಿಸುವ ಚಿಕಿತ್ಸೆಯನ್ನು ಮೊದಲು ನೀಡುವುದು ಪ್ರತಿಯೊಬ್ಬ ವೈದ್ಯರ ಹೊಣೆ ಎಂದು ಸಾರಿತು.

2002ರ ಹೊತ್ತಿಗೆ ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಪೂರ್ಣವಾಗಿ ಸಂಚಾರಕ್ಕೆ ತೆರೆದುಕೊಂಡಿತು. ಸುಮಾರು 94 ಕಿ.ಮೀ. ಉದ್ದದ, ಆರು ಪಥಗಳ ಈ ಮಾರ್ಗವು ಪ್ರಯಾಣದ ಅವಧಿಯನ್ನು ತಗ್ಗಿಸಿತಾದರೂ, ವೇಗದೊಂದಿಗೆ ಪೆಟ್ಟಿನ ತೀವ್ರತೆಯೂ ಹೆಚ್ಚಿತು. ಈ ಮಾರ್ಗದ ನಡುವಿನ ಬೋರ್ ಘಾಟಿನ ಇಳಿಜಾರಿನಲ್ಲಿ ಅಪಘಾತವಾದರೆ ಪರಿಣತ ಶಸ್ತ್ರಚಿಕಿತ್ಸೆ ದೊರೆಯುವ ನಗರ ಎರಡೂ ದಿಕ್ಕಿನಲ್ಲಿ ದೂರವೇ ಉಳಿಯುತ್ತಿತ್ತು. ಕೇಂದ್ರ ಸರ್ಕಾರವು 11ನೇ ಪಂಚವಾರ್ಷಿಕ ಯೋಜನೆಯಲ್ಲಿ ರಾಷ್ಟ್ರೀಯ ಹೆದ್ದಾರಿಗಳಿಗಾಗಿ ನಾಲ್ಕು ಹಂತಗಳ ಟ್ರಾಮಾ ಕೇಂದ್ರಗಳನ್ನು ರೂಪಿಸಿತು. ಸಜ್ಜಾದ ಆಂಬುಲೆನ್ಸ್ ನಾಲ್ಕನೆಯ ಹಂತ. ಗಾಯಾಳುವಿನ ಸ್ಥಿತಿಯನ್ನು ಸ್ಥಿರಗೊಳಿಸುವ ಜಿಲ್ಲಾ ಮಟ್ಟದ ಆಸ್ಪತ್ರೆ ಮೂರನೆಯದು. ತೀವ್ರ ಗಾಯಗಳಿಗೆ ಪೂರ್ಣ ಚಿಕಿತ್ಸೆ ನೀಡಬಲ್ಲದ್ದು ಎರಡನೆಯದು. ಎಲ್ಲ ಬಗೆಯ ತಜ್ಞರು ಹಗಲಿರುಳೂ ಲಭ್ಯವಿರುವ ಕೇಂದ್ರವೇ ಮೊದಲನೆಯದು. ಪುಣೆ ಮತ್ತು ಬೆಂಗಳೂರುಗಳನ್ನು ಹಾದುಹೋಗುವ ಸುವರ್ಣ ಚತುಷ್ಪಥವೂ ಈ ಯೋಜನೆಯ ವ್ಯಾಪ್ತಿಯಲ್ಲಿತ್ತು.

ಔಂಧ್‌ಗೆ ಬರುವ ಕರೆ

2010ರ ಫೆಬ್ರುವರಿ 13ರ ಸಂಜೆ ಕೋರೆಗಾಂವ್ ಪಾರ್ಕಿನ ಜರ್ಮನ್ ಬೇಕರಿಯಲ್ಲಿ ಬಾಂಬ್ ಸ್ಫೋಟಿಸಿ 17 ಮಂದಿ ಸತ್ತಾಗ, ಗಾಯಾಳುಗಳು ಸಸೂನ್ ಸೇರಿದಂತೆ ಹಲವು ಆಸ್ಪತ್ರೆಗಳಿಗೆ ಹಂಚಿಹೋದರು. ಇಡೀ ರಾಜ್ಯಕ್ಕೆ ಒಂದೇ ಸಂಖ್ಯೆಯ ಆಂಬುಲೆನ್ಸ್ ಸೇವೆ ಆಗಿನ್ನೂ ಮಹಾರಾಷ್ಟ್ರದಲ್ಲಿ ಇರಲಿಲ್ಲ. ಆಂಧ್ರಪ್ರದೇಶದಲ್ಲಿ 108 ಸೇವೆ 2005ರಲ್ಲೇ ಆರಂಭವಾಗಿತ್ತು; ಕರ್ನಾಟಕದಲ್ಲಿ 2008ರ ರಾಜ್ಯೋತ್ಸವದಂದು ಆರೋಗ್ಯ ಕವಚ ಎಂಬ ಹೆಸರಿನಲ್ಲಿ ಅದು ಚಾಲನೆ ಪಡೆದಿತ್ತು. ಮಹಾರಾಷ್ಟ್ರದ ತುರ್ತು ವೈದ್ಯಕೀಯ ಸೇವೆ ಕಾರ್ಯಾರಂಭ ಮಾಡಿದ್ದು 2014ರ ಗಣರಾಜ್ಯೋತ್ಸವದ ದಿನ. ತಡವಾಗಿ ಬಂದರೂ ಅದು ಒಂದು ಮುಖ್ಯ ವಿಷಯದಲ್ಲಿ ಭಿನ್ನವಾಗಿತ್ತು: ಪ್ರತಿ ಆಂಬುಲೆನ್ಸಿನಲ್ಲೂ ಒಬ್ಬ ವೈದ್ಯರಿರಬೇಕೆಂಬುದು ಅದರ ನಿಯಮ.

ಯೋಜನೆಯಲ್ಲಿ ಒಟ್ಟು 937 ಆಂಬುಲೆನ್ಸ್‌ಗಳಿದ್ದವು. ಅವುಗಳಲ್ಲಿ 233 ವಾಹನಗಳು ಕೃತಕ ಉಸಿರಾಟದ ಯಂತ್ರ, ಹೃದಯಕ್ಕೆ ವಿದ್ಯುತ್ ಆಘಾತ ನೀಡುವ ಉಪಕರಣಗಳನ್ನು ಹೊತ್ತ ಉನ್ನತ ದರ್ಜೆಯವು. 704 ವಾಹನಗಳು ಆಮ್ಲಜನಕ, ರಕ್ತಸ್ರಾವ ತಡೆ, ಮುರಿದ ಮೂಳೆಗೆ ಆಧಾರ ಕಟ್ಟುವಂತಹ ಮೂಲಭೂತ ಆರೈಕೆಯವು. ಇಡೀ ರಾಜ್ಯದ ಕರೆಗಳನ್ನು ಸ್ವೀಕರಿಸುವ ಕೇಂದ್ರ ಪುಣೆಯ ಔಂಧ್‌ನಲ್ಲಿ ನೆಲೆಗೊಂಡಿತು. ಸೇವೆಯನ್ನು ನಡೆಸುವ ಹೊಣೆಯೂ ಪುಣೆಯ ಬಿವಿಜಿ ಸಂಸ್ಥೆಗೇ ದೊರೆಯಿತು. ಆಂಬುಲೆನ್ಸಿನ ಕಟ್ಟುವಿಕೆಗೂ ಪುಣೆಗೂ ನಂಟಿದೆ. ರೋಗಿ ಮಲಗುವ ಜಾಗ, ಒಳಗಿನ ಸಲಕರಣೆ, ಹೊರಗಿನ ದೀಪ ಮೊದಲಾದವುಗಳಿಗೆ ಅಳತೆಗೋಲಾಗಿರುವ, ಎಐಎಸ್-125 ಎಂಬ ರಾಷ್ಟ್ರೀಯ ಆಂಬುಲೆನ್ಸ್ ಮಾನದಂಡವನ್ನು ಪ್ರಕಟಿಸಿದ್ದು ಇಲ್ಲಿನ ಭಾರತೀಯ ವಾಹನ ಸಂಶೋಧನಾ ಸಂಘವೇ. ಆ ಮಾನದಂಡವು ಆಂಬುಲೆನ್ಸ್‌ಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸುತ್ತದೆ.

ಸಾವಿನ ಎಣಿಕೆ ಹೇಳುವುದೆಷ್ಟು?

ರಸ್ತೆಬದಿಯಲ್ಲಿ ಬಿದ್ದವರನ್ನು ಎತ್ತಿಕೊಂಡವರೇ ಪೊಲೀಸ್ ಠಾಣೆ, ಕೋರ್ಟು ಎಂದು ಅಲೆಯಬೇಕಾದೀತೆಂಬ ಭಯ ಮುಂದಿನ ತೊಡಕಾಗಿತ್ತು. ಸೇವ್‌ಲೈಫ್ ಫೌಂಡೇಶನ್ ಎಂಬ ಸಂಸ್ಥೆ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರ ಮಾರ್ಚ್ 30ರಂದು ನೆರವಾಗುವವರ ರಕ್ಷಣೆಯ ಮಾರ್ಗಸೂಚಿಗಳಿಗೆ ಕಾನೂನಿನ ಬಲ ನೀಡಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಆ ರಕ್ಷಣೆಯನ್ನು 134ಎ ಕಲಮಿನಲ್ಲಿ ಸೇರಿಸಿಕೊಂಡಿತು. ಅದೇ 2016ರಲ್ಲಿ ಆ ಸಂಸ್ಥೆ, ಮಹಾರಾಷ್ಟ್ರ ರಾಜ್ಯ ರಸ್ತೆ ಅಭಿವೃದ್ಧಿ ನಿಗಮ, ಹೆದ್ದಾರಿ ಪೊಲೀಸರು ಮತ್ತು ಮಹೀಂದ್ರ ಕಂಪನಿ ಕೂಡಿ ಎಕ್ಸ್‌ಪ್ರೆಸ್‌ವೇಯಲ್ಲಿ ಶೂನ್ಯ ಸಾವಿನ ಕಾರಿಡಾರ್ ಯೋಜನೆಯನ್ನು ಕೈಗೆತ್ತಿಕೊಂಡರು. ರಸ್ತೆಯ ದೋಷಗಳನ್ನು ತಿದ್ದುವುದು, ಕಾನೂನು ಜಾರಿ, ಜನಜಾಗೃತಿ ಮತ್ತು ತುರ್ತು ಚಿಕಿತ್ಸೆ ಎಂಬ ನಾಲ್ಕು ದಾರಿಗಳನ್ನು ಅದು ಒಟ್ಟಿಗೆ ಹಿಡಿಯಿತು.

ಆ ವರ್ಷ ಎಕ್ಸ್‌ಪ್ರೆಸ್‌ವೇಯಲ್ಲಿ 151 ಜನ ಸತ್ತಿದ್ದರು. 2019ರಲ್ಲಿ ಈ ಸಂಖ್ಯೆ 92ಕ್ಕೆ, 2020ರಲ್ಲಿ 66ಕ್ಕೆ ಇಳಿಯಿತು. ಮೌಲ್ಯಮಾಪನದ ಕಷ್ಟ ಎದುರಾಗುವುದು ಇಲ್ಲಿಯೇ. 2020 ಲಾಕ್‌ಡೌನಿನ ವರ್ಷವಾದ್ದರಿಂದ ಆ ಇಳಿಕೆಯನ್ನೆಲ್ಲ ಯೋಜನೆಯ ಲೆಕ್ಕಕ್ಕೆ ಸೇರಿಸಲಾಗದು. ಅದಕ್ಕೂ ಮೊದಲಿನ ಇಳಿಕೆಯಲ್ಲೂ ತಡೆಗೋಡೆಯ ಪಾಲೆಷ್ಟು, ಪೊಲೀಸರ ಪಾಲೆಷ್ಟು, ಚಿಕಿತ್ಸೆಯ ಪಾಲೆಷ್ಟು ಎಂಬುದನ್ನು ಸಾವಿನ ಎಣಿಕೆಯೊಂದೇ ಹೇಳಲಾರದು. ಅಪಘಾತವೇ ಕಡಿಮೆಯಾದರೂ ಸಾವು ಇಳಿಯುತ್ತದೆ. ಗಾಯಾಳುಗಳು ಹೆಚ್ಚಾಗಿ ಬದುಕುಳಿದರೂ ಇಳಿಯುತ್ತದೆ.

ಇವೆರಡನ್ನು ಬೇರ್ಪಡಿಸಿ ನೋಡಲು ಬೇಕಾದ ಸಾಧನಗಳು 1970ರ ದಶಕದಲ್ಲೇ ಸಿದ್ಧವಾಗಿದ್ದವು. 1974ರಲ್ಲಿ ರೂಪುಗೊಂಡ ಗಾಯದ ತೀವ್ರತೆಯ ಅಂಕದಲ್ಲಿ ದೇಹವನ್ನು ಆರು ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗದ ಗಾಯಕ್ಕೆ ಅಂಕ ಕೊಟ್ಟು, ಹೆಚ್ಚು ಪೆಟ್ಟಾದ ಮೂರು ಭಾಗಗಳ ಅಂಕಗಳ ವರ್ಗವನ್ನು ಕೂಡಲಾಗುತ್ತದೆ. ತಲೆಯ ಗಾಯಕ್ಕೆ 4, ಎದೆಯದಕ್ಕೆ 3, ಕಾಲಿನದಕ್ಕೆ 2 ಎಂದಾದರೆ, 16, 9 ಮತ್ತು 4 ಸೇರಿ ಒಟ್ಟು 29 ಆಗುತ್ತದೆ. ಸಾಮಾನ್ಯವಾಗಿ 15ನ್ನು ಮೀರಿದ ಅಂಕವನ್ನು ತೀವ್ರ ಗಾಯವೆಂದು ಪರಿಗಣಿಸುತ್ತಾರೆ. ಪ್ರಜ್ಞೆಯ ಮಟ್ಟವನ್ನು ಅಳೆಯುವ ಗ್ಲಾಸ್ಗೋ ಮಾಪಕ ಬಂದದ್ದೂ ಅದೇ ವರ್ಷ. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ಈ ಮೂರನ್ನು ನೋಡಿ ಅದು 3ರಿಂದ 15ರವರೆಗೆ ಅಂಕ ಕೊಡುತ್ತದೆ. ಪ್ರತಿ ಗಾಯಾಳುವಿನ ಈ ಅಂಕಗಳನ್ನೂ, ಕರೆ ಬಂದ, ಆಂಬುಲೆನ್ಸ್ ತಲುಪಿದ, ಆಸ್ಪತ್ರೆ ಸೇರಿದ, ಶಸ್ತ್ರಚಿಕಿತ್ಸೆ ಆರಂಭವಾದ ಸಮಯಗಳನ್ನೂ ಬರೆದಿಡುವ ದಾಖಲೆಗೆ ಟ್ರಾಮಾ ನೋಂದಣಿ ಎನ್ನುತ್ತಾರೆ. ಸಮಾನ ತೀವ್ರತೆಯ ಗಾಯಗಳಾದವರಲ್ಲಿ ಎಷ್ಟು ಜನ ಉಳಿದರು ಎಂಬುದನ್ನು ಈ ದಾಖಲೆ ಇದ್ದರೆ ಮಾತ್ರ ಹೋಲಿಸಬಹುದು.

ಇಂತಹ ಹೋಲಿಕೆ ಏನನ್ನು ಸಾಧಿಸಬಲ್ಲದೆಂಬುದಕ್ಕೆ ಅಮೆರಿಕದ 1979ರ ಅಧ್ಯಯನ ಸಾಕ್ಷಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗಾಯಾಳುಗಳನ್ನು ಸಜ್ಜಾದ ಒಂದೇ ಕೇಂದ್ರ ಆಸ್ಪತ್ರೆಗೆ ಒಯ್ಯುತ್ತಿದ್ದರೆ, ಆರೆಂಜ್ ಕೌಂಟಿಯಲ್ಲಿ ಹತ್ತಿರದ ಆಸ್ಪತ್ರೆ ಯಾವುದೋ ಅಲ್ಲಿಗೇ ಸೇರಿಸುತ್ತಿದ್ದರು. ಸಾವಿನ ದಾಖಲೆಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ, ಆರೆಂಜ್ ಕೌಂಟಿಯಲ್ಲಿ ಮಿದುಳಿನ ಗಾಯದ ಹೊರತಾಗಿ ಸತ್ತವರ ಪೈಕಿ ಸುಮಾರು ಮೂರನೇ ಎರಡರಷ್ಟು ಸಾವುಗಳನ್ನು ತಪ್ಪಿಸಬಹುದಿತ್ತೆಂದು ತಿಳಿದುಬಂದಿತು. ಆ ವರದಿಯ ನಂತರ ಅಲ್ಲಿಯೂ ಪ್ರಾದೇಶಿಕ ವ್ಯವಸ್ಥೆ ಬಂದು, ತಪ್ಪಿಸಬಹುದಾದ ಸಾವಿನ ಪ್ರಮಾಣ ಗಣನೀಯವಾಗಿ ತಗ್ಗಿತು. ಭಾರತದಲ್ಲಿ ಮುಂಬೈ, ದೆಹಲಿ, ಕೋಲ್ಕತ್ತದ ನಾಲ್ಕು ಆಸ್ಪತ್ರೆಗಳು 2013ರಿಂದ 2015ರವರೆಗೆ ಸುಮಾರು 16,000 ಗಾಯಾಳುಗಳ ವಿವರಗಳನ್ನು ಒಂದೇ ಕ್ರಮದಲ್ಲಿ ದಾಖಲಿಸಿ, ಇಲ್ಲಿಯೂ ಇದು ಸಾಧ್ಯವೆಂದು ತೋರಿಸಿಕೊಟ್ಟಿವೆ.

ಪ್ರದೇಶದ ಗಡಿ ಯಾವುದು?

ಪುಣೆಯಿಂದ ಸಾತಾರಾ, ಕರಾಡ, ಕೊಲ್ಹಾಪುರಗಳ ಮೂಲಕ ನಿಪ್ಪಾಣಿ, ಬೆಳಗಾವಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 48 ಕನ್ನಡಿಗರು ನಿತ್ಯ ಓಡಾಡುವ ದಾರಿ. ಪುಣೆಯ ಅಂಚಿನಲ್ಲಿ, ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರು ಅದರ ಅತಿ ಅಪಾಯಕಾರಿ ಭಾಗಗಳಲ್ಲಿ ಒಂದು. 2022ರ ನವೆಂಬರ್ 20ರ ರಾತ್ರಿ ಅಲ್ಲಿ ಸಂಭವಿಸಿದ ಒಂದೇ ಸರಣಿ ಅಪಘಾತದಲ್ಲಿ 48 ವಾಹನಗಳು ಜಖಂಗೊಂಡವು. ಇದೇ ಹೆದ್ದಾರಿಯಲ್ಲಿ ನಿಪ್ಪಾಣಿಯ ಬಳಿ ಗಾಯಗೊಂಡವರಿಗೆ ಬೆಳಗಾವಿಗಿಂತ ಕೊಲ್ಹಾಪುರವೇ ಹತ್ತಿರ. ಆದರೆ 108 ಸೇವೆಗಳು ಎರಡೂ ರಾಜ್ಯಗಳಲ್ಲಿ ಪ್ರತ್ಯೇಕವಾಗಿ ಯೋಜಿತವಾದವು. ಚಿಕಿತ್ಸೆಯ ದೃಷ್ಟಿಯಿಂದ ಪ್ರದೇಶವೆಂದರೆ ಇಂತಿಷ್ಟು ನಿಮಿಷಗಳಲ್ಲಿ ತಲುಪಬಹುದಾದ ಆಸ್ಪತ್ರೆಯ ಸುತ್ತಲಿನ ನೆಲವೇ ಹೊರತು ಆಡಳಿತದ ಗಡಿಯಲ್ಲ.

ಗಡಿಯನ್ನು ಮೀರಿದ ಇಂತಹ ವ್ಯವಸ್ಥೆಗೆ ಬೇಕಾದ ತಳಹದಿ ಈಗಾಗಲೇ ಇದೆ. ಪೊಲೀಸ್, ಸಾರಿಗೆ, ಹೆದ್ದಾರಿ ಮತ್ತು ಆರೋಗ್ಯ ಇಲಾಖೆಗಳ ಮಾಹಿತಿಯನ್ನು ಒಂದೆಡೆ ತರುವ ಐರ್ಯಾಡ್ ಎಂಬ ರಾಷ್ಟ್ರೀಯ ಅಪಘಾತ ದತ್ತಾಂಶ ಯೋಜನೆಯನ್ನು ಮೊದಲು ಜಾರಿಗೊಳಿಸಿದ ಆರು ರಾಜ್ಯಗಳಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕ ಎರಡೂ ಸೇರಿದ್ದವು. ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ, ₹1.5 ಲಕ್ಷದ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ನೀಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಿನಲ್ಲಿ ಜಾರಿಗೆ ಬಂದಿದೆ. ಈ ಯೋಜನೆಯಡಿ ಹಣ ಪಡೆಯುವ ಪ್ರತಿ ಆಸ್ಪತ್ರೆಯೂ ಗಾಯದ ತೀವ್ರತೆ, ಚಿಕಿತ್ಸೆಯ ಸಮಯ ಮತ್ತು ಫಲಿತಾಂಶವನ್ನು ದಾಖಲಿಸಬೇಕೆಂದು ಕಡ್ಡಾಯ ಮಾಡಿದರೆ, ಟ್ರಾಮಾ ನೋಂದಣಿಗೆ ಭದ್ರವಾದ ಆರಂಭ ಸಿಗುತ್ತದೆ. ಪುಣೆಯಿಂದ ಬೆಳಗಾವಿಯವರೆಗಿನ ಹೆದ್ದಾರಿಯನ್ನು ಒಂದೇ ಪ್ರದೇಶವೆಂದು ಪರಿಗಣಿಸಿ, ಅಲ್ಲಿನ ಪ್ರತಿ ಸಾವನ್ನೂ ತಪ್ಪಿಸಬಹುದಿತ್ತೇ ಎಂದು ಎರಡೂ ರಾಜ್ಯಗಳ ವೈದ್ಯರು ಜೊತೆಗೂಡಿ ಪರಿಶೀಲಿಸುವ ಪದ್ಧತಿ ಬರಬೇಕು. ಕಟ್ಟಡ, ವಾಹನ, ಕಾನೂನು, ಹಣ ಇವೆಲ್ಲಕ್ಕೂ ದಾರಿಯಾಗಿರುವಾಗ, ಈ ಲೆಕ್ಕವನ್ನು ಇಡದಿರುವುದಕ್ಕೆ ಸರ್ಕಾರಗಳ ಬಳಿ ಸಮರ್ಥನೆ ಉಳಿದಿಲ್ಲ.